‘ಮಾರಿದ ಮಾಲು ವಾಪಸ್ ಇಲ್ಲ’ ಎನ್ನುವ ವರ್ತಕರಿಗೆ

ಬಳ್ಳಾರಿಯ ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಯ ಬಿಲ್ಲಿರಲಿ, ಸಿರುಗುಪ್ಪದಲ್ಲಿ ಮಿಕ್ಸಿ ಕೊಂಡ ರಸೀದಿ ಇರಲಿ, ಕುರುಗೋಡಿನ ಚಪ್ಪಲಿ ಅಂಗಡಿಯ ಚೀಟಿ ಇರಲಿ, ಅಡಿಯಲ್ಲಿ ಆ ಸಾಲು ಬಹಳ ಸಲ ಕಣ್ಣಿಗೆ ಬೀಳುತ್ತದೆ: ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.’ ಕೆಟ್ಟ ಮಾಲು ಹಿಡಿದು ಗ್ರಾಹಕ ಮರಳಿ ಬಂದಾಗ ಮಾಲೀಕರ ಬೆರಳು ಮೊದಲು ಹೋಗುವುದು ಅದರ ಮೇಲೇ. ‘ಬಿಲ್ಲಿನಾಗೆ ಬರೆದೀವಲ್ರಿ, ಈಗ್ಯಾಕ್ರಿ ತಕರಾರು?’

ತಕರಾರು ಯಾಕೆಂದರೆ, ಆ ಸಾಲನ್ನು ಅಚ್ಚು ಹಾಕಿಸಿದವರು ಅಂಗಡಿಯವರು. ಸಂಸತ್ತು ಮಾಡಿದ ಕಾನೂನು ಬೇರೆಯೇ ಹೇಳುತ್ತದೆ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47)ರ ಪ್ರಕಾರ, ದೋಷವಿರುವ ಮಾಲನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ನಮೂದಿಸಿದ್ದರೆ ಆ ಅವಧಿಯೊಳಗೆ, ಇಲ್ಲದಿದ್ದರೆ 30 ದಿನದೊಳಗೆ ಹಣ ಕೊಡಬೇಕು. ‘ಅವಧಿ ಬರೆಯುವ ಅಧಿಕಾರ ನಮಗಿದೆಯಲ್ಲ’ ಎಂದು ಕೆಲವರು ಇಲ್ಲೇ ವಾದ ಹೂಡುತ್ತಾರೆ. ಇದೆ. ಹತ್ತು ದಿನ ಎಂದು ಬರೆಯಿರಿ, ಹದಿನೈದು ಎಂದು ಬರೆಯಿರಿ. ‘ವಾಪಸ್ ಇಲ್ಲವೇ ಇಲ್ಲ’ ಎಂಬುದು ಯಾವ ಲೆಕ್ಕದಲ್ಲಿ ಅವಧಿಯಾಗುತ್ತದೆ? ಈ ಸಾಲು ಬಿಲ್ಲುಗಳ ಮೇಲೆ ಇರಕೂಡದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 1999ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಇನ್ನು, ಗ್ರಾಹಕ ಒಪ್ಪಿಕೊಂಡೇ ಕೊಂಡಿದ್ದಾನೆ ಎಂಬ ಮಾತು. ಬಿಲ್ಲು ಕೈಗೆ ಬರುವುದು ದುಡ್ಡು ಎಣಿಸಿ ಕೊಟ್ಟ ಮೇಲೆ. ಓದದೆ ಇರುವ ಷರತ್ತಿಗೆ ಆತ ಒಪ್ಪಿದ್ದು ಯಾವಾಗ?

‘ದುಡ್ಡು ಕೊಡೋಕಾಗಲ್ಲ, ಅಷ್ಟೇ ರೇಟಿನ ಬೇರೆ ಮಾಲು ತಗೊಳ್ರಿ’ ಎನ್ನುವವರು ತಾವು ಉದಾರಿಗಳೆಂದು ಭಾವಿಸಿದಂತಿದೆ. ಗ್ರಾಹಕನಿಗೆ ಒಪ್ಪಿಗೆಯಾದರೆ ಸರಿ. ಒಪ್ಪದವನ ಕೈಗೆ ಕ್ರೆಡಿಟ್ ನೋಟ್ ತುರುಕುವ ಹಾಗಿಲ್ಲ. ಕಾಯ್ದೆ ಮರಳಿಸಿ ಎಂದಿರುವುದು ಕೊಟ್ಟ ಹಣವನ್ನು. ರಿಯಾಯಿತಿ ಮಾರಾಟದ ಮಾಲಿಗೂ ಇದೇ ಮಾತು. ದರ ಇಳಿಸಿದ್ದೀರಿ, ಸಂತೋಷ. ಒಮ್ಮೆ ಒಗೆದರೆ ಹೊಲಿಗೆ ಬಿಚ್ಚುವ ಜೀನ್ಸ್ ಎಂದು ಹೇಳಿ ಮಾರಿರಲಿಲ್ಲವಲ್ಲ.

ಬಿಲ್ಲೇ ಕೊಡದೆ ಕೈತೊಳೆದುಕೊಳ್ಳುವವರ ವಾದ ನನ್ನನ್ನು ಹೆಚ್ಚು ಕೆರಳಿಸುತ್ತದೆ. ಕೊಳ್ಳುವಾಗ ‘ಬಿಲ್ ಹಾಕಿದ್ರೆ ಜಿಎಸ್‌ಟಿ ಬೀಳುತ್ತೆ, ಎಸ್ಟಿಮೇಟ್ ಕೊಡ್ತೀನಿ’ ಎಂದು ಅಂಗಡಿಯ ಹೆಸರೂ ಇಲ್ಲದ ಬಿಳಿ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಅಂಕಿ ಗೀಚಿ ಕೊಡುತ್ತಾರೆ. ವಾಪಸ್ ತಂದಾಗ, ‘ಇದು ನಮ್ಮ ಅಂಗಡಿದೇ ಅಂತ ಏನು ಗ್ಯಾರಂಟಿ?’ ಬಿಲ್ ಕೊಡದಿರುವುದೇ ಅದೇ ಕಲಂ 2(47)ರಡಿ ಇನ್ನೊಂದು ಅನುಚಿತ ಪದ್ಧತಿ. ತಾನು ಮಾಡಿದ ತಪ್ಪನ್ನೇ ಗುರಾಣಿ ಮಾಡಿಕೊಳ್ಳಲು ಯಾರಿಗೂ ಬರುವುದಿಲ್ಲ. ಫೋನ್‌ಪೇ, ಗೂಗಲ್‌ಪೇಯಲ್ಲಿ ದುಡ್ಡು ಹಾಕಿದ್ದರೆ ಅಂಗಡಿಯ ಹೆಸರು, ದಿನ, ಮೊತ್ತ ಮೊಬೈಲಿನಲ್ಲೇ ಉಳಿದಿರುತ್ತದೆ. ಅದನ್ನು ಗ್ರಾಹಕ ಆಯೋಗದ ಮುಂದೆ ಪುರಾವೆಯಾಗಿ ಇಡಬಹುದು.

‘ಮಾಡಿದ್ದು ಕಂಪನಿ, ನಾವು ಮಾರಿದವರಷ್ಟೇ; ಸರ್ವಿಸ್ ಸೆಂಟರ್‌ಗೆ ಹೋಗ್ರಿ.’ ಸಣ್ಣ ಅಂಗಡಿಯವರ ಸಂಕಟ ಇದರಲ್ಲಿದೆ, ಒಪ್ಪುತ್ತೇನೆ. ಆದರೆ ಗ್ರಾಹಕ ದುಡ್ಡು ಕೊಟ್ಟಿದ್ದು ಅಂಗಡಿಗೆ. ಕಾಯ್ದೆಯ ‘ವ್ಯಾಪಾರಿ’ಯಲ್ಲಿ ಮಾರುವವರೂ ಸೇರುತ್ತಾರೆ, ತಯಾರಿಸುವವರೂ ಸೇರುತ್ತಾರೆ; ದೂರಿನಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬಹುದು. ಕಂಪನಿಯಿಂದ ವಸೂಲು ಮಾಡಿಕೊಳ್ಳುವ ದಾರಿ ವಿತರಕರ ಮೂಲಕ ನಿಮಗಿದೆ. ತೆಕ್ಕಲಕೋಟೆಯಲ್ಲಿ ಕುಳಿತ ಗೃಹಿಣಿಗೆ ಆ ದಾರಿ ಎಲ್ಲಿದೆ?

ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು. ಮದುವೆಗೆ ಸೀರೆ ಉಟ್ಟು, ಮರುದಿನ ಮಡಿಸಿ ತಂದು ‘ಬಣ್ಣ ಹಿಡಿಸಲಿಲ್ಲ’ ಎನ್ನುವವರಿದ್ದಾರೆ. ಅಂಥವರಿಗೆ ಈ ಕಾಯ್ದೆಯ ಬೆಂಬಲವಿಲ್ಲ. ಹಣ ವಾಪಸ್ ಹಕ್ಕು ಹುಟ್ಟುವುದು ದೋಷದಿಂದ: ಗುಣಮಟ್ಟ, ಪ್ರಮಾಣ, ಶುದ್ಧತೆಯಲ್ಲಿ ಕೊರತೆ ಇದ್ದಾಗ. ಮನಸ್ಸು ಬದಲಾದದ್ದು ದೋಷವಲ್ಲ. ಅಲ್ಲಿ ಬದಲಿ ಕೊಡುವುದು ಅಂಗಡಿಯವರ ಸೌಜನ್ಯ. ಆದರೆ ನಾಲ್ಕು ಜನ ಮೋಸ ಮಾಡಿದರೆಂದು ಹರಿದ ಸೀರೆ ತಂದವಳನ್ನೂ ಅದೇ ಸಾಲಿಗೆ ಸೇರಿಸುವುದು ಅನ್ಯಾಯ.

ಇಷ್ಟೆಲ್ಲ ಸಾವಿರ, ಎರಡು ಸಾವಿರದ ಮಾತಾಯಿತು. ನಮ್ಮ ಜಿಲ್ಲೆಯಲ್ಲಿ ಮನೆ ಮುಳುಗಿಸುವ ಖರೀದಿ ಬಿತ್ತನೆ ಬೀಜ. ಸಿರುಗುಪ್ಪದ ಕಾಲುವೆ ಕೆಳಗಿನ ಭತ್ತದ ಮಡಿಯಲ್ಲಿ ಅರ್ಧ ಪೈರು ತೆನೆ ಬಿಟ್ಟು, ಉಳಿದರ್ಧ ಇನ್ನೂ ಹೊಡೆಯಲ್ಲೇ ನಿಂತಾಗ ಬೀಜ ಬೆರಕೆಯೆಂದು ಗೊತ್ತಾಗುತ್ತದೆ. ಕುರುಗೋಡಿನ ಹೊಲದಲ್ಲಿ ಮೆಣಸಿನ ಗಿಡ ಸೊಂಪಾಗಿ ಬೆಳೆದು ಕಾಯಿ ಕಟ್ಟದೆ ಹೋದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಗೊಬ್ಬರ, ಔಷಧಿ, ಆಳಿನ ಕೂಲಿ ಎಲ್ಲ ಮಣ್ಣಿಗೆ ಹೋಗಿರುತ್ತದೆ. ಆಗ ಅಂಗಡಿಯಿಂದ ಮೂರು ಉತ್ತರ ಬರುತ್ತವೆ: ರೈತ ಗ್ರಾಹಕನಲ್ಲ, ಅವನದು ವ್ಯವಹಾರ; ಬೀಜ ಪರೀಕ್ಷೆಗೆ ಉಳಿದಿಲ್ಲ; ತಿಂಗಳುಗಳೇ ಕಳೆದಿವೆ.

ಮೊದಲ ಎರಡಕ್ಕೆ ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲೇ ಉತ್ತರ ಕೊಟ್ಟಿದೆ. ಪಕ್ಕದ ಆಂಧ್ರಪ್ರದೇಶದ ರೈತರ ವಿರುದ್ಧ ರಾಷ್ಟ್ರೀಯ ಬೀಜ ನಿಗಮ ಹೂಡಿದ್ದ ಮೇಲ್ಮನವಿಗಳಲ್ಲಿ, ಬೀಜ ಕೊಂಡ ರೈತ ಗ್ರಾಹಕನೇ ಎಂದಿತು. ಬೀಜ ಕಾಯ್ದೆ ಇದೆಯೆಂದು ಗ್ರಾಹಕ ಕಾಯ್ದೆಯ ಬಾಗಿಲು ಮುಚ್ಚುವುದಿಲ್ಲ ಎಂದಿತು. ಕೊಂಡ ಬೀಜವನ್ನೆಲ್ಲ ಬಿತ್ತುವ ರೈತ ಪ್ರಯೋಗಾಲಯಕ್ಕೆಂದು ಒಂದು ಹಿಡಿ ಎತ್ತಿಡಲಿ ಎಂದು ನಿರೀಕ್ಷಿಸಲಾಗದು, ಅದೇ ಲಾಟಿನ ಮಾದರಿ ನಿಗಮವೇ ಪರೀಕ್ಷೆಗೆ ಕಳಿಸಬಹುದಿತ್ತು ಎಂದೂ ಹೇಳಿತು. ಮೂರನೆಯದಕ್ಕೆ ಉತ್ತರ ಕಾಯ್ದೆಯಲ್ಲಿದೆ: ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷ ಕಾಲಾವಕಾಶ. ರೈತರು ಮಾಡಬೇಕಾದ್ದು ಪೊಟ್ಟಣ ಬಿಸಾಡದಿರುವುದು. ಲಾಟ್ ನಂಬರ್ ಇರುವುದು ಅದರ ಮೇಲೆ, ಅದಕ್ಕೆ ಹೊಲಿದ ಚೀಟಿಯ ಮೇಲೆ. ಪೈರು ನಿಂತಿರುವಾಗಲೇ ಭತ್ತಕ್ಕಾದರೆ ರೈತ ಸಂಪರ್ಕ ಕೇಂದ್ರಕ್ಕೆ, ಮೆಣಸಿಗಾದರೆ ತೋಟಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟು ಅಧಿಕಾರಿಗಳನ್ನು ಹೊಲಕ್ಕೆ ಕರೆಸಿ ವರದಿ ಬರೆಸಿಕೊಳ್ಳಬೇಕು. ಕೊಯ್ದ ಮೇಲೆ ಹೋದರೆ ತೋರಿಸಲು ಏನೂ ಉಳಿಯುವುದಿಲ್ಲ.

ಕೊನೆಗೆ ಬರುವುದು ಸವಾಲು: ‘ಹೋಗ್ರಿ ಕೋರ್ಟಿಗೆ, ವಕೀಲರಿಗೆ ಕೊಡೋದೇ ಜಾಸ್ತಿ ಆಗ್ತದ.’ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೇ ಇಲ್ಲ. ವಕೀಲರೂ ಕಡ್ಡಾಯವಲ್ಲ, ಗ್ರಾಹಕರೇ ನಿಂತು ಹೇಳಬಹುದು. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೊಂಡ ಮಾಲಿಗೂ, ವಾಸ ಇಲ್ಲಿದ್ದರೆ ಬಳ್ಳಾರಿಯ ಆಯೋಗದಲ್ಲೇ ದೂರು ಕೊಡಬಹುದು. ಆನ್‌ಲೈನ್ ದೂರಿಗೂ ವಿಡಿಯೊ ವಿಚಾರಣೆಗೂ ಕಾಯ್ದೆಯಲ್ಲಿ ಅವಕಾಶವಿದೆ. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಫೋನ್ ಮಾಡಿ ದೂರು ದಾಖಲಿಸಬಹುದು. ಮೂರು ತಿಂಗಳಲ್ಲಿ ಮುಗಿಸಬೇಕೆಂಬ ಗಡುವು ಎಲ್ಲ ಪ್ರಕರಣಗಳಲ್ಲೂ ಪಾಲನೆಯಾಗುತ್ತಿಲ್ಲ, ನಿಜ. ಆದರೆ ಆದೇಶ ಬಂದ ಮೇಲೆ ಅದನ್ನು ಕಡೆಗಣಿಸುವ ವರ್ತಕರು ಕಲಂ 72 ಓದಿಕೊಳ್ಳಲಿ: 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.