ಮನೆವಾರ್ತೆ: ಹಳೆಯ ಮನೆಗೊಂದು ಹೊಸ ಕೋಣೆ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ‘ಕಟ್ಟಿದ ಮನೆಗೆ ಕೋಣೆ ಸೇರಿಸಿ ನೋಡು’ ಎಂಬ ಮಾತನ್ನು ಏಕೆ ಬಿಟ್ಟರೋ ತಿಳಿಯದು. ಹೊಸ ಮನೆ ಕಟ್ಟುವವನ ಎದುರಿಗಿರುವುದು ಬರಿಯ ನೆಲ. ಅವನು ಎಳೆದದ್ದೇ ಗೆರೆ. ಹಳೆಯ ಮನೆಗೆ ಕೋಣೆ ಸೇರಿಸುವವನ ಎದುರಿಗಾದರೋ ಒಂದು ಮನೆ ಆಗಲೇ ನಿಂತಿರುತ್ತದೆ. ಅದಕ್ಕೆ ತನ್ನದೇ ಎತ್ತರ, ತನ್ನದೇ ಇಳಿಜಾರು, ಗಾಳಿ ಬೆಳಕುಗಳ ತನ್ನದೇ ದಾರಿ ಇರುತ್ತವೆ. ಅವನ್ನು ವಿಚಾರಿಸದೆ ಕೋಣೆ ಕಟ್ಟಿ ಕೈಸುಟ್ಟುಕೊಂಡವರಲ್ಲಿ ನಾವೂ ಸೇರಿದ್ದೇವೆ. ಆ ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ಈ ತಿಂಗಳು ತಮ್ಮ ಮುಂದಿಡುತ್ತಿದ್ದೇನೆ.

ನಮ್ಮದು ಕಾಸರಗೋಡಿನ ಒಳನಾಡಿನಲ್ಲಿ ಅಡಕೆ ತೋಟದ ಅಂಚಿಗಿರುವ ಮನೆ. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಕೆಂಪು ಕಾವಿಯ ನೆಲ, ಮಂಗಳೂರು ಹಂಚಿನ ಮಾಡು. ನಮ್ಮ ಮಾವನವರ ತಂದೆಯವರು ಇದನ್ನು ಕಟ್ಟಿಸಿದಾಗ ಈ ಊರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿತು. ೧೯೮೪ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ವಿಳಾಸ ಇಷ್ಟು ಸಲ ಬದಲಾದರೂ ಚಾವಡಿ, ನಡುಕೋಣೆ, ಉಗ್ರಾಣ, ಅಡುಗೆಮನೆಗಳು ಇದ್ದಲ್ಲಿಯೇ ಇದ್ದವು. ಬಚ್ಚಲು ಮಾತ್ರ ಅಂಗಳದಾಚೆ, ಕೊಟ್ಟಿಗೆಯ ಪಕ್ಕದಲ್ಲಿತ್ತು.

ಅತ್ತೆಯವರಿಗೆ ಎಪ್ಪತ್ತು ದಾಟಿದ ಮೇಲೆ ಮಳೆಗಾಲದ ರಾತ್ರಿಯಲ್ಲಿ ಅಂಗಳ ದಾಟುವುದು ಕಷ್ಟವಾಯಿತು. ೨೦೦೯ರ ಬೇಸಗೆಯಲ್ಲಿ ನಡುಕೋಣೆಯ ಪಡುಗೋಡೆಗೆ ತಾಗಿಸಿ ಬಚ್ಚಲುಸಹಿತವಾದ ಒಂದು ಕಾಂಕ್ರೀಟು ಕೋಣೆಯನ್ನು ಕಟ್ಟಿಸಿದೆವು. ನಲವತ್ತು ದಿನಗಳಲ್ಲಿ ಕೆಲಸ ಮುಗಿಯಿತು. ಬೇಗ ಮುಗಿಯಿತೆಂದು ಸಂತೋಷಪಟ್ಟೆವು.

ಆ ಕೋಣೆಯ ಮೂರು ದೋಷಗಳು ಒಂದೊಂದಾಗಿ ಹೊರಬಿದ್ದವು. ನಡುಕೋಣೆಗೆ ಇದ್ದ ಒಂದೇ ಕಿಟಕಿ ಹೊಸ ಗೋಡೆಯ ಹಿಂದೆ ಸೇರಿ, ಹಗಲಿನಲ್ಲಿಯೂ ದೀಪ ಹಚ್ಚಬೇಕಾಯಿತು. ಹಳೆಯ ಮಾಡಿನ ನೀರೆಲ್ಲ ಕಾಂಕ್ರೀಟಿನ ಮೇಲೆ ಸುರಿದು, ಎರಡೂ ಕೂಡುವ ಸಂದಿನಿಂದ ಒಳಗಿಳಿಯತೊಡಗಿತು. ಹೊಸ ನೆಲ ಹಳೆಯ ನೆಲಕ್ಕಿಂತ ನಾಲ್ಕು ಅಂಗುಲ ತಗ್ಗಾಗಿತ್ತು. ಅದನ್ನು ಯಾರೂ ದೊಡ್ಡದೆಂದು ಎಣಿಸಲಿಲ್ಲ. ೨೦೧೬ರ ಆಟಿ ತಿಂಗಳ ಒಂದು ರಾತ್ರಿ ಅತ್ತೆಯವರು ಆ ನಾಲ್ಕು ಅಂಗುಲದಲ್ಲಿಯೇ ಎಡವಿ ಬಿದ್ದರು. ತೊಡೆಯ ಮೂಳೆ ಮುರಿಯಿತು.

ಶಸ್ತ್ರಚಿಕಿತ್ಸೆಯ ತರುವಾಯ ಅವರು ಆರು ತಿಂಗಳು ನಡುಕೋಣೆಯಲ್ಲಿ ಮಲಗಿದ್ದರು. ಯಾರನ್ನೂ ದೂರಲಿಲ್ಲ. ಒಮ್ಮೆ ಮಾತ್ರ, “ಇಲ್ಲಿ ಕಿಟಕಿ ಇದ್ದಾಗ ಬಾವಿಕಟ್ಟೆ ಕಾಣುತ್ತಿತ್ತು” ಎಂದರು. ಬೆಂಗಳೂರಿನಲ್ಲಿರುವ ಮಗ, ಎಲ್ಲವನ್ನೂ ಕೆಡವಿ ತಾರಸಿ ಮನೆ ಕಟ್ಟಿಬಿಡೋಣ ಎಂದ. ನಾವು ಕೆಡವಿದ್ದು ಕಾಂಕ್ರೀಟು ಕೋಣೆಯನ್ನು. ೨೦೧೮ರಲ್ಲಿ ಅದೇ ಕಡೆಯಲ್ಲಿ ಇನ್ನೊಂದನ್ನು ಕಟ್ಟಿಸಿದೆವು. ಈ ಸಲ ನಮಗೆ ದಾರಿ ತೋರಿಸಿದವರು ಹಳೆಯ ಕಾಲದ ಒಬ್ಬ ಆಚಾರಿ.

ಅವರು ಮೊದಲ ದಿನ ಕಾಗದವನ್ನೂ ಪೆನ್ಸಿಲನ್ನೂ ಮುಟ್ಟಲಿಲ್ಲ. ಒಂದು ನೆಟ್ಟನೆಯ ಬಿದಿರಿನ ಗಳುವನ್ನು ತರಿಸಿ, ಮನೆಯ ನೆಲದಿಂದ ಕಿಟಕಿಯ ಕೆಳ ಅಂಚು ಎಷ್ಟು, ಬಾಗಿಲಿನ ನೆತ್ತಿ ಎಷ್ಟು, ಸೂರು ಎಷ್ಟು ಎಂದು ಅದರ ಮೇಲೆ ಕತ್ತಿಯಿಂದ ಗೀರಿಟ್ಟರು. ಹಳೆಯ ಮನೆಗಳನ್ನು ಅಡಿಗಳಲ್ಲಿ ಅಳೆದು ಕಟ್ಟಿದ್ದಲ್ಲ. ಕೋಲು, ಅಂಗುಲಗಳಲ್ಲಿ ಅಳೆದದ್ದು. ಆದಕಾರಣ ಪೇಟೆಯಲ್ಲಿ ಸಿದ್ಧವಾಗಿ ದೊರೆಯುವ ಬಾಗಿಲು ಕಿಟಕಿಗಳು ಅವುಗಳ ಪಕ್ಕದಲ್ಲಿ ಒಂದೋ ಗಿಡ್ಡವಾಗಿ ಇಲ್ಲವೇ ಉದ್ದವಾಗಿ ಕಾಣುತ್ತವೆ. ಆ ಗಳುವಿನಿಂದ ಇನ್ನೊಂದು ಪ್ರಯೋಜನವೂ ಆಯಿತು. ನಮ್ಮ ಗಡಿನಾಡಿನಲ್ಲಿ ಮನೆಯವರದು ಕನ್ನಡ, ಆಚಾರಿಯವರದು ತುಳು, ಮೇಸ್ತ್ರಿಯವರದು ಮಲಯಾಳ, ಕಲ್ಲು ಹೊರುವ ಹುಡುಗರದು ಈಗೀಗ ಹಿಂದಿ, ಬಂಗಾಳಿ. ಗೀರಿಟ್ಟ ಗಳು ಎಲ್ಲರಿಗೂ ಅರ್ಥವಾಗುತ್ತಿತ್ತು. ತಾವೂ ಕೋಣೆ ಸೇರಿಸುವ ಮೊದಲು ಇಂಥದೊಂದು ಗಳುವನ್ನು ಸಿದ್ಧಪಡಿಸಿಕೊಳ್ಳಿರಿ. ಹೊಸ ಕಿಟಕಿಯ ಅಂಚೂ ಬಾಗಿಲಿನ ನೆತ್ತಿಯೂ ಹಳೆಯವುಗಳ ಗೆರೆಯಲ್ಲಿಯೇ ಬಂದರೆ ಹೊಂದಾಣಿಕೆಯ ಅರ್ಧ ಕೆಲಸ ಮುಗಿದಂತೆ. ಬಣ್ಣ ಬಳಿದು ಹೊಂದಿಸುವೆನೆಂದರೆ ಆಗುವುದಿಲ್ಲ.

ಎರಡನೆಯದು ಮಾಡು. ನಮ್ಮ ಕಡೆ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಇಂಥಲ್ಲಿ ಹಂಚಿನ ಮಾಡಿಗೆ ೩೦ ಡಿಗ್ರಿಗೆ ಕಡಿಮೆಯಿಲ್ಲದ ಇಳಿಜಾರು ಬೇಕು. ಅಂದರೆ ೧೦ ಅಡಿ ಅಗಲಕ್ಕೆ ಸುಮಾರು ೬ ಅಡಿ ಇಳಿತ. ಈಗ ಲೆಕ್ಕ ನೋಡಿರಿ. ಹಳೆಯ ಸೂರು ನೆಲದಿಂದ ೯ ಅಡಿ ಎತ್ತರದಲ್ಲಿದೆ ಎನ್ನೋಣ. ಅಲ್ಲಿಂದಲೇ ಮಾಡನ್ನು ಕೆಳಕ್ಕೆ ಎಳೆದು ೧೦ ಅಡಿ ಅಗಲದ ಕೋಣೆ ಮಾಡಿದರೆ ಹೊರಗಿನ ಗೋಡೆಗೆ ಉಳಿಯುವುದು ಮೂರೇ ಅಡಿ. ಮೂರಡಿಯ ಗೋಡೆಯಲ್ಲಿ ಮನುಷ್ಯನು ನಿಲ್ಲಲಾರ. ಇಳಿಜಾರನ್ನು ತಗ್ಗಿಸಿದರೆ ಗಾಳಿಮಳೆಗೆ ನೀರು ಹಂಚಿನಡಿಗೆ ನುಗ್ಗುತ್ತದೆ. ಈ ಲೆಕ್ಕಕ್ಕೆ ಬೇಸತ್ತೇ ಜನರು ಕಾಂಕ್ರೀಟಿಗೆ ಮೊರೆಹೋಗುವುದು.

ಆಚಾರಿಯವರು ಕೋಣೆಯನ್ನು ಮನೆಗೆ ತಾಗಿಸಲೇ ಇಲ್ಲ. ೮ ಅಡಿ ದೂರದಲ್ಲಿ ನಿಲ್ಲಿಸಿ, ಅದಕ್ಕೆ ತನ್ನದೇ ಆದ ಎರಡು ಇಳಿಜಾರಿನ ಮಾಡನ್ನು ಕೊಟ್ಟರು. ಅದರ ನೆತ್ತಿ ಮನೆಯ ಮಾಡಿನ ನೆತ್ತಿಗಿಂತ ಸಾಕಷ್ಟು ತಗ್ಗು. ಹಿರಿಯರ ಪಕ್ಕದಲ್ಲಿ ಕಿರಿಯರು ಕುಳಿತಂತೆ. ನಡುವೆ ಸೇತುವೆಯಂತೆ ಒಂದು ಕಿರಿಯ ಓಣಿ. ಅದರ ಮಾಡು ೫ ಅಡಿ ಅಗಲ, ಅದಕ್ಕೂ ಎರಡು ಇಳಿಜಾರು. ಅರ್ಧಕ್ಕೆ ಎರಡೂವರೆ ಅಡಿಯಾದ್ದರಿಂದ ಇಳಿತ ಒಂದೂವರೆ ಅಡಿಯಷ್ಟೆ. ಹೀಗಾಗಿ ಓಣಿಯ ನೆತ್ತಿ ಹಳೆಯ ಸೂರಿನ ಅಡಿಗೆ ಸೇರಿಕೊಂಡರೂ ಅದರ ಬದಿಗಳಲ್ಲಿ ಏಳಡಿಗೆ ಮಿಕ್ಕಿ ಎತ್ತರ ಉಳಿಯಿತು. ಹಳೆಯ ಸೂರಿನಿಂದ ಬಿದ್ದ ನೀರು ಓಣಿಯ ಮಾಡಿನ ಮೇಲೆ ಬಿದ್ದು ಎರಡು ಬದಿಗೂ ಹರಿದು ಹೋಗುತ್ತದೆ. ಎರಡು ಮಾಡುಗಳು ಕೂಡಿ ನೀರು ಕಟ್ಟಿಕೊಳ್ಳುವ ಕಣಿವೆ ಎಲ್ಲಿಯೂ ಇಲ್ಲ. ಸೋರುವುದು ಹೆಚ್ಚಾಗಿ ಇಂಥ ಕಣಿವೆಯಲ್ಲಿಯೇ ಎಂಬುದನ್ನು ನೆನಪಿಡತಕ್ಕದ್ದು. ಓಣಿಯ ಬಾಗಿಲನ್ನು ಗೋಡೆಯ ಒಂದು ಕೊನೆಯಲ್ಲಿ ತೆರೆದುದರಿಂದ ನಡುಕೋಣೆಯ ಕಿಟಕಿ ಪುನಃ ಬಯಲಿಗೆ ಬಂದಿತು.

ಮೂರನೆಯದು ಹಂಚು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಬೇರೆ ಬೇರೆ ಕಾರ್ಖಾನೆಗಳು ಹುಟ್ಟಿಕೊಂಡವು. ಅವುಗಳಲ್ಲಿ ಅನೇಕವು ಈಗ ಮುಚ್ಚಿವೆ. ನೋಡಲು ಒಂದೇ ತೆರನಾದರೂ ಒಂದರ ಹಂಚಿನ ತೋಡು ಇನ್ನೊಂದರ ಹಂಚಿಗೆ ಸರಿಯಾಗಿ ಕೂರುವುದಿಲ್ಲ. ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಮುದ್ರೆ ಇರುತ್ತದೆ. ಅದನ್ನು ಓದಿಕೊಂಡು, ಕೆಡವಿದ ಮನೆಗಳ ಹಂಚು ಮಾರುವವರಲ್ಲಿ ಅದೇ ಮುದ್ರೆಯದನ್ನು ಹುಡುಕಿರಿ. ದೊರೆಯದಿದ್ದರೆ ಒಂದೇ ಮಾಡಿನಲ್ಲಿ ಎರಡು ಬಗೆಯನ್ನು ಬೆರೆಸಬೇಡಿರಿ. ಹಳೆಯ ಮನೆಯ ಹಿಂಬದಿಯ ಹಂಚನ್ನು ಇಳಿಸಿ ಹೊಸ ಕೋಣೆಯ ಎದುರಿಗೆ ಹೊದಿಸಿ, ಹಿಂಬದಿಯ ಇಡಿಯ ಇಳಿಜಾರಿಗೆ ಹೊಸ ಹಂಚು ಹಾಕಬಹುದು. ನೂರು ಚದರ ಅಡಿಗೆ ಸುಮಾರು ನೂರೈವತ್ತು ಹಂಚು ಬೇಕಾಗುತ್ತದೆ. ಒಡೆಯುವುದಕ್ಕೆಂದು ಹತ್ತಿಪ್ಪತ್ತು ಹೆಚ್ಚಾಗಿಯೇ ಇರಲಿ.

ನಾಲ್ಕನೆಯದು ಗೋಡೆ. ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸವೃತ್ತಾಂತದಲ್ಲಿ ಫ್ರಾನ್ಸಿಸ್ ಬುಕಾನನ್ ನಮ್ಮ ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಅದು ಬಂದದ್ದು. ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಆದುದರಿಂದ ಕಣಿಯಿಂದ ಬಂದ ಕಲ್ಲನ್ನು ಮರುದಿನವೇ ಗೋಡೆಗೆ ಏರಿಸದೆ ಕೆಲವು ವಾರಗಳಾದರೂ ಹೊರಗಿಡಿರಿ. ಹಳೆಯ ಸುಣ್ಣದ ಗಾರೆಯ ಮೇಲೆ ಬಿರುಸಾದ ಸಿಮೆಂಟನ್ನು ಬಳಿಯಬಾರದು. ಗೋಡೆಯೊಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಗಾರೆ ಉಬ್ಬಿ ಕಳಚುತ್ತದೆ. ಸುಣ್ಣಕ್ಕೆ ಸುಣ್ಣವೇ ಜೊತೆ.

ಹಳೆಯ ಮನೆ ಎಷ್ಟೋ ಮಳೆಗಾಲಗಳನ್ನು ಕಂಡು ನೆಲಕ್ಕೆ ಕೂತಿರುತ್ತದೆ. ಹೊಸ ಕಟ್ಟಡ ಇನ್ನು ಮುಂದೆ ಕೂರಬೇಕಾದದ್ದು. ಎರಡನ್ನೂ ಕಲ್ಲಿಗೆ ಕಲ್ಲು ಹಲ್ಲುಗಚ್ಚಿಸಿ ಬಿಗಿದರೆ, ಒಂದು ಇಳಿಯುವಾಗ ಇನ್ನೊಂದು ಬಿರಿಯುತ್ತದೆ. ಓಣಿಯ ಗೋಡೆಗೂ ಮನೆಯ ಗೋಡೆಗೂ ನಡುವೆ ಒಂದು ಅಂಗುಲದ ಸಂದು ಬಿಟ್ಟು, ಅದರ ಮೇಲೆ ಮರದ ಪಟ್ಟಿಯನ್ನು ಒಂದೇ ಬದಿಗೆ ಮೊಳೆ ಹೊಡೆದು ಮುಚ್ಚಿದ್ದೇವೆ. ಹಾಗೆಯೇ ಹಳೆಯ ತಳಪಾಯದ ಮಗ್ಗುಲಲ್ಲಿ ಅದಕ್ಕಿಂತ ಆಳವಾಗಿ ಅಗೆಯುವುದು ಅಪಾಯಕರ. ಅನಿವಾರ್ಯವಾದರೆ ಇಂಜಿನಿಯರರ ಸಲಹೆಯಿಲ್ಲದೆ ಗುದ್ದಲಿ ಎತ್ತಬೇಡಿರಿ.

ಐದನೆಯದು ನೆಲ. ನಮ್ಮ ಮಟ್ಟಿಗೆ ಇದೇ ಮೊದಲನೆಯದು. ಪಾರದರ್ಶಕವಾದ ಉದ್ದನೆಯ ಕೊಳವೆಯಲ್ಲಿ ನೀರು ತುಂಬಿ, ಹಳೆಯ ನೆಲದ ಮಟ್ಟವನ್ನು ಹೊಸ ಜಾಗಕ್ಕೆ ಒಯ್ದು ಗುರುತು ಮಾಡಿರಿ. ಹಾಸುವ ಕಲ್ಲಿನ ದಪ್ಪವನ್ನೂ ಆಗಲೇ ಲೆಕ್ಕಕ್ಕೆ ಹಿಡಿಯಬೇಕು. ನಾವು ೨೦೦೯ರಲ್ಲಿ ಮರೆತದ್ದು ಇದನ್ನೇ. ನೆಲ ಒಂದೇ ಮಟ್ಟದಲ್ಲಿರಬೇಕು. ಆಗದಿದ್ದರೆ ಕಣ್ಣಿಗೆ ತೋರುವಂತಹ ಪೂರ್ಣ ಮೆಟ್ಟಿಲುಗಳಿರಬೇಕು, ಪಕ್ಕದಲ್ಲಿ ಕೈಗಂಬಿ ಇರಬೇಕು. ಎರಡು ಮೂರು ಅಂಗುಲದ ತಗ್ಗು ಕಾಲಿಗೆ ತಿಳಿಯುವ ಮೊದಲೇ ಬೀಳಿಸುತ್ತದೆ. ಬಚ್ಚಲಿನ ಬಾಗಿಲು ಮೂರಡಿ ಅಗಲವಿರಲಿ, ಹೊಸ್ತಿಲು ಬೇಡ, ಕದ ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರು ಕದಕ್ಕೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತೆಗೆಯಲಾಗುವುದಿಲ್ಲ. ಇದು ನಮಗೆ ಆ ರಾತ್ರಿ ತಿಳಿದದ್ದು.

ಸುತ್ತಲೂ ಜಾಗವಿದ್ದವರಿಗೆ ಈ ಮಾತೆಲ್ಲ ಸರಿ, ಪೇಟೆಯ ಐದು ಸೆಂಟ್ಸ್ ಜಾಗದವರು ಏನು ಮಾಡಬೇಕು ಎಂದು ಕೇಳುವಿರಾದರೆ, ಅವರು ಕಿಟಕಿಯಿಲ್ಲದ ಗೋಡೆಯ ಕಡೆಗೆ ಕೋಣೆಯನ್ನು ಒಯ್ಯಲಿ. ಅದೂ ಆಗದಿದ್ದರೆ ಕತ್ತಲಾಗುವ ಕೋಣೆಯ ಮಾಡಿನಲ್ಲಿ ನಾಲ್ಕಾರು ಗಾಜಿನ ಹಂಚುಗಳನ್ನಾದರೂ ಇಡಿಸಲಿ. ಕಾಂಕ್ರೀಟೇ ಅನಿವಾರ್ಯವೆಂದಾದರೆ, ತಿರುವನಂತಪುರದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಹಳೆಯ ಹಂಚುಗಳನ್ನು ಕಾಂಕ್ರೀಟಿನ ನಡುವೆ ತುಂಬಿ ಮಾಡಿಸುತ್ತಿದ್ದ ತಾರಸಿಯನ್ನು ನೋಡಿಕೊಳ್ಳಬಹುದು. ಸಿಮೆಂಟು ಕಬ್ಬಿಣಗಳ ಖರ್ಚು ಕಡಿಮೆ, ಸೆಕೆಯೂ ಕಡಿಮೆ.

ಕೆಲಸಕ್ಕೆ ಮೊದಲು ಪಂಚಾಯತಿಯ ಪರವಾನಗಿ ಪಡೆಯಿರಿ. ಕೇರಳದ ಪಂಚಾಯತು ಕಟ್ಟಡ ನಿಯಮಗಳು ೨೦೧೯ರಲ್ಲಿ ಹೊಸದಾಗಿ ಬಂದಿವೆ. ಇದ್ದ ಮನೆಗೆ ಕೋಣೆ ಸೇರಿಸುವುದೂ ಅವುಗಳ ವ್ಯಾಪ್ತಿಗೆ ಸೇರುತ್ತದೆ. ನಕ್ಷೆ, ಅರ್ಜಿಗಳು ಮಲಯಾಳದಲ್ಲಿದ್ದು ಓದಲು ಬಾರದಿದ್ದರೆ, ಬಲ್ಲವರಿಂದ ಪೂರ್ತಿ ಓದಿಸಿಕೊಂಡ ತರುವಾಯವೇ ಸಹಿ ಮಾಡಿರಿ, ಸಂಕೋಚಪಡಬೇಡಿರಿ. ಪತ್ತನಾಜೆಯೊಳಗೆ ಹಂಚು ಹೊದಿಸಿ ಮುಗಿಯುವಂತೆ ದಿನ ಎಣಿಸಿಕೊಳ್ಳಿರಿ. ಎಲ್ಲಕ್ಕೂ ಮೊದಲು, ಕಟ್ಟುವ ಜಾಗದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು, ಒಂದು ಮಂಚವನ್ನು ನಡುವೆ ಇರಿಸಿ, ಮನೆಯ ಹಿರಿಯರನ್ನು ಕರೆದು ಕುಳ್ಳಿರಿಸಿ ಕೇಳಿರಿ. ಮೊದಲ ಸಲ ನಾವು ಎಲ್ಲರನ್ನೂ ಕೇಳಿದ್ದೆವು, ಆ ಕೋಣೆ ಯಾರಿಗಾಗಿಯೋ ಅವರನ್ನು ಬಿಟ್ಟು.

ಎರಡನೆಯ ಸಲ ಕೇಳಿದಾಗ ಅತ್ತೆಯವರು, “ಕೋಣೆ ಯಾರಿಗಾದರೂ ಆಗಲಿ, ನನ್ನ ಕಿಟಕಿ ನನಗಿರಲಿ” ಎಂದರು. ಈಗ ಅವರಿಗೆ ಎಂಬತ್ತೇಳು. ಮಲಗುವುದು ನಡುಕೋಣೆಯಲ್ಲಿಯೇ, ಬಾವಿಕಟ್ಟೆ ಕಾಣುವ ಕಡೆಗೆ ತಲೆಯಿಟ್ಟು. ರಾತ್ರಿ ಎಚ್ಚರವಾದರೆ ಯಾರನ್ನೂ ಕೂಗದೆ, ಕೈಗಂಬಿ ಹಿಡಿದು ಎಂಟಡಿಯ ಓಣಿಯಲ್ಲಿ ನಡೆದು ಹೋಗಿ ಬರುತ್ತಾರೆ. ಹೊಸ ಕೋಣೆಯ ಮಂಚದಲ್ಲಿ ಮಲಗುವವನು, ರಜೆಯಲ್ಲಿ ಬರುವ ಬೆಂಗಳೂರಿನ ಮಗ.

ಬಚ್ಚಲಿನ ನೀರನ್ನು ಬಾವಿಗೆ ಸೇರದಂತೆ ತೆಂಗಿನ ಬುಡಕ್ಕೆ ಒಯ್ಯುವ ವಿಚಾರವನ್ನು ಮುಂದಿನ ತಿಂಗಳು ನೋಡೋಣ.