ಧರ್ಮಸಂಸ್ಥೆಗಳೂ ಲೋಕಸೇವೆಯೂ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವೆ ಎಂಬ ಊರಿದೆ. ಇಂದು ಸಣ್ಣ ಹಳ್ಳಿಯಾಗಿರುವ ಈ ಸ್ಥಳವು ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿಯಾಗಿ ಮೆರೆದಿತ್ತು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ವಿಸ್ತಾರವಾಗಿ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕ ಮೊದಲಾದವುಗಳ ಅಧ್ಯಯನವು ಆ ಮಠದಲ್ಲಿ ನಡೆಯುತ್ತಿತ್ತು. ದೀನರು, ಅನಾಥರು, ಅಂಧರು, ಕಿವುಡರು ಅಲ್ಲಿ ಊಟ ಪಡೆಯುತ್ತಿದ್ದರು. ಗಾಯಕರಿಗೂ ವಾದ್ಯಗಾರರಿಗೂ ನರ್ತಕರಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು, ಬೇರೆ ಬೇರೆ ಪಂಥಗಳ ಸಂನ್ಯಾಸಿಗಳಿಗೆ ಆಶ್ರಯವಿತ್ತು. ಪಾಠಶಾಲೆ, ಅನ್ನಛತ್ರ, ಆಸ್ಪತ್ರೆ, ಕಲಾಶಾಲೆ ಇವೆಲ್ಲವೂ ಒಂದೇ ಸೂರಿನ ಕೆಳಗೆ ಇದ್ದವೆಂದರೆ ತಪ್ಪಾಗದು.

‘ಧರ್ಮ’ ಎಂಬ ಶಬ್ದವು ಎತ್ತಿ ಹಿಡಿಯುವುದು, ಧರಿಸುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದೆ. ಸಮಾಜವನ್ನು ಬೀಳಗೊಡದೆ ಎತ್ತಿ ಹಿಡಿಯುವುದೇ ಧರ್ಮ. ಕನ್ನಡಿಗರ ನಿತ್ಯದ ಮಾತಿನಲ್ಲಿ ಈ ಅರ್ಥ ಇನ್ನೂ ಜೀವಂತವಾಗಿದೆ. ದಾರಿಹೋಕರು ಹಣ ಕೊಡದೆ ತಂಗುವ ಮನೆ ಧರ್ಮಛತ್ರವಾಯಿತು. ಬಡವರಿಗೆ ಪುಕ್ಕಟೆಯಾಗಿ ಮದ್ದು ಕೊಡುವ ಸ್ಥಳ ಧರ್ಮಾಸ್ಪತ್ರೆಯಾಯಿತು. ಪ್ರತಿಫಲವನ್ನು ಬಯಸದೆ ಕೊಟ್ಟದ್ದನ್ನು ಜನರು ‘ಧರ್ಮಕ್ಕೆ ಕೊಟ್ಟದ್ದು’ ಎಂದೇ ಕರೆದರು. ಆದುದರಿಂದ ಒಂದು ಧರ್ಮಸಂಸ್ಥೆಯ ಹಿರಿಮೆಯನ್ನು ಅದರ ಗೋಪುರದ ಎತ್ತರದಿಂದಾಗಲಿ, ಭಂಡಾರದ ತೂಕದಿಂದಾಗಲಿ ಅಳೆಯಲಾಗದು. ಹಸಿದವರಿಗೂ ಕಲಿಯಬಂದವರಿಗೂ ಅದರ ಬಾಗಿಲು ಎಷ್ಟು ತೆರೆದಿದೆ ಎಂಬುದೇ ಸರಿಯಾದ ಅಳತೆಗೋಲು.

ತುಮಕೂರಿನ ಸಿದ್ಧಗಂಗಾ ಮಠವು ಇದಕ್ಕೆ ಸಮೀಪ ಕಾಲದ ಒಂದು ಉಜ್ಜ್ವಲ ನಿದರ್ಶನ. 1941ರಲ್ಲಿ ಆ ಮಠದ ಹೊಣೆಯನ್ನು ವಹಿಸಿಕೊಂಡ ಶ್ರೀ ಶಿವಕುಮಾರ ಸ್ವಾಮಿಗಳು 111 ವರ್ಷಗಳ ತುಂಬು ಬಾಳನ್ನು ಬಾಳಿ 2019ರಲ್ಲಿ ಲಿಂಗೈಕ್ಯರಾದರು. ಮೊದಮೊದಲು ಮಠದ ಆದಾಯ ಅಲ್ಪವಾಗಿತ್ತು. ಆಶ್ರಯವನ್ನು ಅರಸಿ ಬರುವ ಮಕ್ಕಳ ಸಂಖ್ಯೆಯಾದರೋ ಬೆಳೆಯುತ್ತಲೇ ಇತ್ತು. ಸ್ವಾಮಿಗಳು ಹಳ್ಳಿಹಳ್ಳಿಗೆ ತೆರಳಿ ಭಿಕ್ಷೆಯೆತ್ತಿ ಧಾನ್ಯವನ್ನು ತಂದರು. ರೈತರು ತಾವು ಬೆಳೆದ ರಾಗಿ, ಭತ್ತ, ತೆಂಗಿನಕಾಯಿಗಳನ್ನು ಮಠಕ್ಕೆ ಒಪ್ಪಿಸುವುದು ಒಂದು ಸಂಪ್ರದಾಯವೇ ಆಯಿತು. ಸ್ವಾಮಿಗಳ ಕೊನೆಯ ವರ್ಷಗಳಲ್ಲಿ ಮಠದಲ್ಲಿ ಉಂಡು, ಉಳಿದು, ಓದುತ್ತಿದ್ದ ಮಕ್ಕಳ ಸಂಖ್ಯೆ 10,000ದ ಸಮೀಪಕ್ಕೆ ಬಂದಿತ್ತು. ಆ ಮಕ್ಕಳಲ್ಲಿ ಎಲ್ಲ ಜಾತಿಗಳವರೂ ಎಲ್ಲ ಮತಗಳವರೂ ಇದ್ದರು. ಅವರಿಗೆ ಅಲ್ಲಿ ಸಂಸ್ಕೃತವನ್ನು ಕಲಿಸುವ ಏರ್ಪಾಡೂ ಇತ್ತು. ಒಂದು ಕಾಲಕ್ಕೆ ಕೆಲವರ ಸೊತ್ತೆಂದು ತಿಳಿಯಲಾಗಿದ್ದ ಆ ಭಾಷೆಯು ಒಕ್ಕಲಿಗನ ಮಗನ ನಾಲಿಗೆಯ ಮೇಲೂ ಕೂಲಿಕಾರನ ಮಗನ ನಾಲಿಗೆಯ ಮೇಲೂ ನಲಿದಾಡಿತು. ಅನ್ನವಿಕ್ಕಿದ ಕೈಯೇ ವಿದ್ಯೆಯನ್ನೂ ಉಳಿಸಿತು.

ಸೇವೆಯೂ ಸಂಸ್ಕೃತಿಯ ರಕ್ಷಣೆಯೂ ಹೀಗೆ ಒಂದಾಗಿ ಬೆರೆಯುವುದನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಮಹನೀಯರು. ಹುಟ್ಟುಕುರುಡನಾದ ಬಾಲಕನೊಬ್ಬನ ಕಂಠಮಾಧುರ್ಯವು ಅವರ ಗಮನವನ್ನು ಸೆಳೆಯಿತು. ಅವರು ಆ ಬಾಲಕನಿಗೆ ಆಶ್ರಯವನ್ನಿತ್ತು ಸಂಗೀತ ಶಿಕ್ಷಣವನ್ನು ಕೊಡಿಸಿದರು. ಅವನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಹೆಸರಾಗಿ, ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡರಲ್ಲೂ ಪಾಂಡಿತ್ಯವನ್ನು ಗಳಿಸಿದನು. ತಾವು ಪಡೆದ ವಿದ್ಯೆಯನ್ನು ಗವಾಯಿಗಳು ಅಂಧರಿಗೂ ಅನಾಥರಿಗೂ ಧಾರೆಯೆರೆದರು. 1944ರಲ್ಲಿ ಅವರು ಕಾಲವಾದ ಬಳಿಕ, ಅವರಂತೆಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೂ ಆಶ್ರಮವನ್ನು ನಡೆಸಿದರು. ಮಕ್ಕಳ ಊಟದ ವೆಚ್ಚಕ್ಕೆ ಹಣ ಸಾಲದಾದಾಗ ನಾಟಕ ಮಂಡಳಿಯ ಸಂಪಾದನೆಯು ನೆರವಾಯಿತು. ಬೀದಿಯಲ್ಲಿ ಕೈಯೊಡ್ಡಬೇಕಾಗಿದ್ದ ಮಕ್ಕಳು ಅಲ್ಲಿ ಹಾರ್ಮೋನಿಯಂ, ತಬಲಾ, ಪಿಟೀಲುಗಳನ್ನು ಕಲಿತು ಸ್ವಾವಲಂಬಿಗಳಾದರು. ಮಕ್ಕಳಿಗೆ ಸಂಗೀತದಿಂದ ಬಾಳು ದೊರೆಯಿತು. ಸಂಗೀತಕ್ಕೆ ಆ ಮಕ್ಕಳಿಂದ ಬಾಳು ದೊರೆಯಿತು. ಇಲ್ಲಿ ಯಾರು ಯಾರನ್ನು ಸಲಹಿದರೆಂದು ಹೇಳುವುದು ಕಷ್ಟ.

ದೂರದ ದೇಶದಿಂದ ಬಂದ ಧರ್ಮಸಂಸ್ಥೆಗಳೂ ಕನ್ನಡಕ್ಕೆ ಸೇವೆ ಸಲ್ಲಿಸಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಕ್ರೈಸ್ತ ಮತದ ಪ್ರಚಾರವೇ ಅವರ ಮುಖ್ಯೋದ್ದೇಶವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಜನರ ಹೃದಯವನ್ನು ಮುಟ್ಟಬೇಕಾದರೆ ಜನರ ನುಡಿಯನ್ನು ಕಲಿಯಬೇಕೆಂದು ಅವರು ಅರಿತರು. ಶಾಲೆಗಳನ್ನು ತೆರೆದರು, ಅಚ್ಚುಕೂಟವನ್ನು ಸ್ಥಾಪಿಸಿದರು, ಹೆಂಚಿನ ಕಾರ್ಖಾನೆಯನ್ನು ಕಟ್ಟಿ ಅನೇಕರಿಗೆ ಉದ್ಯೋಗವನ್ನು ಒದಗಿಸಿದರು. 1843ರಲ್ಲಿ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದರು. ಹಳೆಯ ಕನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದವರಲ್ಲಿ ಅವರು ಮೊದಲಿಗರು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರು ದಶಕಗಳ ಕಾಲ ದುಡಿದು 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಪಾದ್ರಿಯೊಬ್ಬರು ಶೈವ, ವೈಷ್ಣವ, ಜೈನ ಕವಿಗಳ ಕೃತಿಗಳನ್ನೆಲ್ಲ ಶ್ರದ್ಧೆಯಿಂದ ಓದಿ ಅವುಗಳ ಶಬ್ದಗಳನ್ನು ಹೆಕ್ಕಿದುದು ಸಾಮಾನ್ಯ ಸಂಗತಿಯಲ್ಲ. ಕಲಬುರ್ಗಿಯಲ್ಲಿ 1422ರಲ್ಲಿ ನಿಧನ ಹೊಂದಿದ ಸೂಫಿ ಸಂತ ಬಂದೇ ನವಾಜರ ದರ್ಗಾದ ಆಶ್ರಯದಲ್ಲಿಯೂ ಇದೇ ಬಗೆಯ ಕಾರ್ಯ ನಡೆದಿದೆ. ಅಲ್ಲಿಯ ಉರುಸಿಗೆ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಬರುತ್ತಾರೆ. ದರ್ಗಾಕ್ಕೆ ಸಂಬಂಧಿಸಿದ ಶಿಕ್ಷಣ ಸಂಸ್ಥೆಯು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೂ ಗಮನವನ್ನಿತ್ತಿದೆ.

ಆದರೆ ಉಳಿಸುವುದೆಂದರೆ ಬಚ್ಚಿಡುವುದಲ್ಲ. ಇದಕ್ಕೆ ಮೂಡುಬಿದಿರೆಯ ಇತಿಹಾಸವೇ ಸಾಕ್ಷಿ. ದಿಗಂಬರ ಜೈನರ ಪವಿತ್ರ ಆಗಮವಾದ ಷಟ್ಖಂಡಾಗಮಕ್ಕೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ‘ಧವಳಾ’ ಎಂಬ ಮಹಾಟೀಕೆಯನ್ನು ರಚಿಸಿದರು. ಅದರ ಪ್ರಾಚೀನ ತಾಳೆಯೋಲೆ ಪ್ರತಿಗಳು ಉಳಿದುಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ ಮಾತ್ರ. ಗ್ರಂಥದ ಭಾಷೆ ಪ್ರಾಕೃತ. ಬರೆದ ಲಿಪಿ ಹಳಗನ್ನಡದ್ದು. ಮಳೆಯ ಸೀಮೆಯಲ್ಲಿ, ತೇವಕ್ಕೂ ಹುಳುಗಳಿಗೂ ಬಲಿಯಾಗದಂತೆ ಆ ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿದವರ ಭಕ್ತಿ ವಂದನೀಯವಾದುದು. ಆದರೂ ಬಹುಕಾಲ ಆ ಗ್ರಂಥವು ದರ್ಶನಕ್ಕೆ ಮಾತ್ರ ದೊರೆಯುತ್ತಿತ್ತು, ಅಧ್ಯಯನಕ್ಕೆ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಳಾ ಟೀಕೆಯು ಅಚ್ಚಾಗತೊಡಗಿ 16 ಸಂಪುಟಗಳಲ್ಲಿ ಪೂರ್ಣಗೊಂಡಿತು. ಭಂಡಾರದ ಬಾಗಿಲು ತೆರೆದುದರಿಂದ ಗ್ರಂಥದ ಪಾವಿತ್ರ್ಯ ಕುಗ್ಗಲಿಲ್ಲ; ಅದನ್ನು ಅರಿತವರ ಸಂಖ್ಯೆ ಹೆಚ್ಚಿತು. ಶರಣರ ವಚನಗಳ ಕಥೆಯೂ ಇಂತಹುದೇ. ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಪೂಜೆಗೊಳ್ಳುತ್ತಿದ್ದ ಓಲೆಗರಿಗಳನ್ನು ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಅರಸಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸದೆ ಹೋಗಿದ್ದರೆ ಆ ನುಡಿಗಳು ಇಂದು ಶಾಲಾಮಕ್ಕಳ ಬಾಯಿಗೆ ಬರುತ್ತಿದ್ದವೆ?

ಗ್ರಂಥಕ್ಕೆ ಹಾಕಿದ ಬೀಗಕ್ಕಿಂತಲೂ ಘೋರವಾದುದು ಮನುಷ್ಯರಿಗೆ ಹಾಕಿದ ಬೀಗ. ಧರ್ಮದ ಹೆಸರಿನಲ್ಲಿಯೇ ಕೆಲವರನ್ನು ದೇವಾಲಯದಿಂದಲೂ ಪಂಕ್ತಿಯಿಂದಲೂ ಪಾಠಶಾಲೆಯಿಂದಲೂ ದೂರವಿರಿಸಿದ ಕಾಲವೊಂದಿತ್ತು. ತನ್ನವರಿಗೆ ಮಾತ್ರ ಅನ್ನವಿಕ್ಕಿ ಅದನ್ನು ದಾಸೋಹವೆಂದು ಕರೆದ ಸಂಸ್ಥೆಗಳೂ ಇದ್ದವು. ಈ ಅನ್ಯಾಯವನ್ನು ಎದುರಿಸಿದವರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ಪ್ರಾತಃಸ್ಮರಣೀಯರು. ಬ್ರಹ್ಮಸಮಾಜದ ಅನುಯಾಯಿಗಳಾಗಿದ್ದ ಅವರು ಅಸ್ಪೃಶ್ಯರೆನಿಸಿದ ಜನರ ಏಳಿಗೆಗಾಗಿ 1897ರಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಶಾಲೆಗಳನ್ನೂ ವಿದ್ಯಾರ್ಥಿನಿಲಯವನ್ನೂ ನಡೆಸಿದರು. ಅದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನು ಅನುಭವಿಸಿದರೂ ಅವರು ಹಿಂಜರಿಯಲಿಲ್ಲ. ಧರ್ಮವು ಗೋಡೆಯೂ ಆಗಬಲ್ಲದು, ಸೇತುವೆಯೂ ಆಗಬಲ್ಲದು. ಯಾವುದಾಗಬೇಕೆಂಬುದು ಅದನ್ನು ನಡೆಸುವವರ ಕೈಯಲ್ಲಿದೆ.

ಶಿಕ್ಷಣವನ್ನೂ ಆರೋಗ್ಯವನ್ನೂ ಒದಗಿಸುವುದು ಸರಕಾರದ ಹೊಣೆ. ಅದನ್ನು ಧರ್ಮಸಂಸ್ಥೆಗಳಿಗೆ ಏಕೆ ಬಿಡಬೇಕು ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆ ಯುಕ್ತವಾದುದು. ಪ್ರಜೆಗಳಿಗೆ ಹಕ್ಕಿನಿಂದ ಸಲ್ಲಬೇಕಾದುದು ದಾನವಾಗಿ ದೊರೆತರೆ ಸಾಲದು. ಧರ್ಮಸಂಸ್ಥೆಗಳ ಸೇವೆಯನ್ನು ನೆಪಮಾಡಿಕೊಂಡು ಸರಕಾರವು ತನ್ನ ಕರ್ತವ್ಯದಿಂದ ಜಾರಿಕೊಳ್ಳಲಾಗದು. ಆದರೆ ಶಾಸನಗಳು ತಲುಪಲಾರದ ಎಡೆಗೆ ಕರುಣೆ ತಲುಪುತ್ತದೆ. ತಂದೆತಾಯಿಗಳಿಲ್ಲದ ಮಗುವಿಗೆ ಅನ್ನದೊಡನೆ ಅಕ್ಕರೆಯೂ ಬೇಕು. ರಾಗವೊಂದು ಉಳಿಯಬೇಕಾದರೆ ಗುರುವಿನ ಮುಂದೆ ಶಿಷ್ಯನು ವರ್ಷಗಟ್ಟಲೆ ಕುಳಿತಿರಬೇಕು. ಇವು ಆಜ್ಞೆಯಿಂದ ಆಗುವ ಕೆಲಸಗಳಲ್ಲ. ಹಾಗೆಯೇ ಭಕ್ತರು ಕೊಟ್ಟ ಕಾಣಿಕೆಯು ಮಠಾಧಿಪತಿಯ ಸ್ವಂತ ಸೊತ್ತಲ್ಲ. ಅದು ಸಮಾಜವು ನಂಬಿ ಇಟ್ಟ ಠೇವಣಿ. ಅದರ ಲೆಕ್ಕವನ್ನು ಸಮಾಜದ ಮುಂದೆ ಇಡುವ ಸಂಸ್ಥೆಗೆ ಮಾತ್ರ ಗೌರವವು ನಿಲ್ಲುತ್ತದೆ.

ಬಳ್ಳಿಗಾವೆಯ ಕೋಡಿಯ ಮಠದಲ್ಲಿ ಇಂದು ಪಾಠದ ದನಿಯಿಲ್ಲ, ಅನ್ನದ ಪಂಕ್ತಿಯಿಲ್ಲ. ಅದರ ಕೀರ್ತಿಯನ್ನು ಸಾರುವ ಕಲ್ಲು ಮಾತ್ರ ನಿಂತಿದೆ. ಆ ಕಲ್ಲು ಮಠದ ಐಶ್ವರ್ಯವನ್ನು ಎಣಿಸಿ ನಿಲ್ಲದೆ, ಅಲ್ಲಿ ಉಂಡವರನ್ನೂ ಕಲಿತವರನ್ನೂ ಗುಣಹೊಂದಿದವರನ್ನೂ ನೆನೆಯುತ್ತದೆ. ವಿದ್ಯಾರ್ಥಿಗಳು ತಮ್ಮ ಊರಿನ ಗುಡಿ, ಮಠ, ಬಸದಿ, ಮಸೀದಿ, ಇಗರ್ಜಿಗಳನ್ನು ನೋಡುವಾಗ ಅಲ್ಲಿ ಯಾವ ಕಲೆ, ಯಾವ ಗ್ರಂಥ, ಯಾವ ಸೇವೆ ಉಳಿದಿದೆಯೆಂದು ಕೇಳಿ ತಿಳಿಯಬೇಕು. ಆ ಬಾಗಿಲು ಎಲ್ಲರಿಗೂ ತೆರೆದಿದೆಯೇ ಎಂದೂ ವಿಚಾರಿಸಬೇಕು. ಆ ಬಾಗಿಲುಗಳು ನಾಳೆ ತೆರೆದಿರುವುದೂ ಮುಚ್ಚಿಹೋಗುವುದೂ ಇಂದು ಹೀಗೆ ಕೇಳುವ ಮಕ್ಕಳನ್ನೇ ಅವಲಂಬಿಸಿದೆ.