ಬೆಲ್ಟ್ ಹರಿದರೆ ಇಂಜಿನ್ನೇ ಸತ್ತಿತೇ?

ಕಳೆದ ತಿಂಗಳು ಕಾತ್ರಜ್-ಕೊಂಢವಾ ರಸ್ತೆಯಲ್ಲಿ ನನ್ನ ಹಳೇ ಪೆಟ್ರೋಲ್ ಕಾರು ಗಕ್ಕನೆ ನಿಂತುಬಿಟ್ಟಿತು. ಟೈಮಿಂಗ್ ಬೆಲ್ಟ್ ತುಂಡಾಗಿತ್ತು. ಗ್ಯಾರೇಜಿನವನು ಬಾನೆಟ್ ಎತ್ತಿ, "ಸಾಹೇಬ, ಇಂಜಿನ್ ಗೇಲಂ" ಅಂತ ಮರಾಠಿಯಲ್ಲಿ ತೀರ್ಪು ಕೊಟ್ಟ. ಒಂದು ಬೋಲ್ಟನ್ನೂ ಬಿಚ್ಚಿರಲಿಲ್ಲ!

ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಫೈಲು ನೋಡಿದವನು ನಾನು. ಲೆಕ್ಕ ನೋಡದೆ ಯಾವ ಸಾಲವನ್ನೂ ಮುಳುಗಿತು ಅಂತ ಬರೆಯುವುದಿಲ್ಲ. ಇಂಜಿನ್ನಿಗೆ ಮಾತ್ರ ಯಾಕೀ ಆತುರ?

ಬೆಲ್ಟ್ ಹರಿದಾಗ ಕ್ಯಾಮ್‌ಶಾಫ್ಟ್ ನಿಲ್ಲುತ್ತದೆ, ಪಿಸ್ಟನ್ನುಗಳು ಇನ್ನೂ ಓಡುತ್ತಿರುತ್ತವೆ. ಕೆಲವು ಇಂಜಿನ್ನುಗಳಲ್ಲಿ ನಡುವೆ ಜಾಗ ಇರುತ್ತದೆ, ವಾಲ್ವಿಗೆ ಏನೂ ಆಗುವುದಿಲ್ಲ. ಉಳಿದವುಗಳಲ್ಲಿ ತೆರೆದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಅದಕ್ಕೇ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಗುರುತು ಕೂಡಿಸಿ ಬೆಲ್ಟ್ ಹಾಕಿಸಿ, ಕೈಯಿಂದ ನಿಧಾನ ತಿರುಗಿಸಿ, ತಡೆಯದಿದ್ದರೆ ಕಂಪ್ರೆಷನ್ ಅಳೆಸಿ. ಕಡಿಮೆ ಬಂದರೆ ಹೆಡ್ ಬಿಚ್ಚಿಸಿ. ವಾಲ್ವ್, ಗೈಡ್, ಪಿಸ್ಟನ್ನಿನ ತಲೆ ಕಣ್ಣಾರೆ ನೋಡಿ.

ಹಟ ಹಿಡಿದು ಬೇರೆಡೆ ಬಿಚ್ಚಿಸಿದೆ. ಬಾಗಿದ್ದು ನಾಲ್ಕು ವಾಲ್ವ್; ಪಿಸ್ಟನ್ನುಗಳ ಮೇಲೆ ಬರೀ ಗೀರು. ಹೊಸ ವಾಲ್ವ್, ಗ್ರೈಂಡಿಂಗ್, ಹೆಡ್ ಗ್ಯಾಸ್ಕೆಟ್, ಬೆಲ್ಟ್, ಟೆನ್ಷನರ್ ಸೇರಿ ಮೊದಲನೆಯವನು ಹೇಳಿದ್ದರ ಮೂರನೇ ಒಂದು ಭಾಗಕ್ಕೆ ಕಾರು ಓಡಿತು.

ನನ್ನ ತಪ್ಪೂ ಇದೆ. ಬೆಲ್ಟ್ ಬದಲಿಸುವ ಅವಧಿ ಮ್ಯಾನ್ಯುಯಲ್‌ನಲ್ಲೇ ಇತ್ತು, ನಾನು ಓದಿದ್ದು ಹಣ ಕೊಟ್ಟ ಮೇಲೆ. ಮಾಮೂಲಿ ವಾಹನ ವಿಮೆ ಇಂಥ ಮೆಕ್ಯಾನಿಕಲ್ ಬ್ರೇಕ್‌ಡೌನಿಗೆ ಕಾಸು ಕೊಡುವುದಿಲ್ಲ.

ಆದರೆ ನನ್ನ ಉದಾಸೀನ ಇನ್ನೊಬ್ಬನ ಲೂಟಿಗೆ ಲೈಸೆನ್ಸ್ ಅಲ್ಲ. ಬಿಚ್ಚಿ ತೋರಿಸದ ಎಸ್ಟಿಮೇಟಿಗೆ ಸಹಿ ಹಾಕಬೇಡಿ, ಸ್ವಾಮಿ. ಬಾಗಿದ ಆ ನಾಲ್ಕು ವಾಲ್ವುಗಳನ್ನು ಕೇಳಿ ಮನೆಗೆ ತಂದಿದ್ದೇನೆ.